ಗೇರಿನ ಕಲೆ

ನನ್ನ ಎಡ ಮಣಿಕಟ್ಟಿನ ಒಳಬದಿಯಲ್ಲಿ, ಗಡಿಯಾರದ ಪಟ್ಟಿ ಮುಚ್ಚುತ್ತಿದ್ದ ಜಾಗದಲ್ಲಿ, ಒಂದು ಕಲೆಯಿದೆ. ಕಡಲೆಬೇಳೆಯಷ್ಟು ದೊಡ್ಡದು, ಅಂಚು ಕಪ್ಪು, ನಡು ಚರ್ಮಕ್ಕಿಂತ ತುಸು ತಿಳಿ. ಹಪ್ಪಳ ಕರಿಯುವಾಗ ಎಣ್ಣೆ ಸಿಡಿದು ಆದದ್ದು ಎಂದು ಅಮ್ಮ ಹೇಳುತ್ತಿದ್ದಳು. ಗೇರುಬೀಜದ ಸೊನೆ ತಾಗಿ ಸುಟ್ಟದ್ದು, ತನ್ನ ಕಣ್ಣೆದುರೇ ಸುಟ್ಟದ್ದು ಎಂದು ಅಕ್ಕ ಈಗಲೂ ಆಣೆ ಹಾಕುತ್ತಾಳೆ. ನನಗೆ ಎರಡೂ ನೆನಪಿವೆ, ಅಂದರೆ ಎರಡೂ ನೆನಪಿಲ್ಲ. ಎಣ್ಣೆಯ ನೆನಪಿನಲ್ಲಿ ಅಡುಗೆಮನೆಗೊಂದು ಕಿಟಕಿ ಕಾಣುತ್ತದೆ, ನಾವಾಗ ಇದ್ದ ಮನೆಯ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಸೊನೆಯ ನೆನಪಿನಲ್ಲಿ ಅಕ್ಕನ ಲಂಗ ಒಮ್ಮೆ ಹಸಿರು, ಒಮ್ಮೆ ಕೆಂಪು.

ನೀವು ಗೆಳೆಯರಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನೀಟಾದ ನೆನಪುಗಳನ್ನು ಕಂಡರೆ ನನಗೆ ಆಗುವುದಿಲ್ಲ. ಅಜ್ಜಿಯ ಉಪ್ಪಿನಕಾಯಿ ಭರಣಿಯಿಂದ ಶುರುವಾಗಿ ಅದೇ ಭರಣಿಯಲ್ಲಿ ಮುಗಿಯುವ ಬರಹಗಳನ್ನು ಓದುವಾಗ ಇಸ್ತ್ರಿ ಹಾಕಿದ ಬನಿಯನ್ ಕಂಡಂತಾಗುತ್ತದೆ. ಇಷ್ಟು ಸುಕ್ಕು ತೆಗೆದದ್ದು ಯಾರಿಗೆ ತೋರಿಸುವುದಕ್ಕೆ? ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದಷ್ಟು ಕಾಲವೂ ‘ನನ್ನ ಬಾಲ್ಯ’ ಎಂಬ ಪ್ರಬಂಧವನ್ನು ಮಕ್ಕಳಿಂದ ಬರೆಸದೆ ತಪ್ಪಿಸಿಕೊಂಡವನು ನಾನು. ಹಾಗಿರುವಾಗ, ಆ ಭಾನುವಾರ ನಾನೇ ನಿಂತು ಮಾಡಿದ್ದನ್ನು ಹೇಳಬೇಕು. ಹೇಳುವಾಗ ಸಿಟ್ಟು ಬಂದರೆ ಸಹಿಸಿಕೊಳ್ಳಿ. ಅದು ಇನ್ನೂ ಆರಿಲ್ಲ.

ನೋಟು ರದ್ದಾದ ವರ್ಷದ ಮುಂದಿನ ಬೇಸಿಗೆ. ಮಂಗಲ್ಪಾಡಿಯಲ್ಲಿ ನಮ್ಮ ಮನೆಯಿಂದ ಕಡಲಿಗೆ ಇಳಿಯುವ ದಾರಿಯಲ್ಲಿ ಒಂದು ತೆಂಗಿನ ಹಿತ್ತಿಲಿದೆ. ಅದರ ಯಜಮಾನ ದುಬಾಯಿಯಲ್ಲಿ. ಹತ್ತಿರದ ಉಪ್ಪಳ ಪೇಟೆಯಲ್ಲಿ ಕೊಡೆ, ಬ್ಯಾಗುಗಳ ಅಂಗಡಿ ಇಟ್ಟಿರುವ ಅವನ ಅಣ್ಣ ಮೊಯ್ದೀನ್ ಕುಂಞಿ ಅದನ್ನು ನೋಡಿಕೊಳ್ಳುವುದು. ಆ ಹಿತ್ತಿಲನ್ನು ಬೆಂಗಳೂರಿನ ಒಂದು ತಂಡಕ್ಕೆ ಕೆಲವು ವರ್ಷಗಳ ಮಟ್ಟಿಗೆ ಕೊಟ್ಟಿದ್ದರು. ಶುಕ್ರವಾರ ಸಂಜೆ ಆರೇಳು ಜನ ಬಂದು ಟೆಂಟಿನಲ್ಲಿ ಉಳಿಯುವುದು, ಭಾನುವಾರ ಮಧ್ಯಾಹ್ನ ಹೊರಡುವುದು. ನಡುವೆ ಬರಿಗಾಲಲ್ಲಿ ನಡೆಯುವುದು, ಮಾತು ಕಡಿಮೆ ಮಾಡುವುದು, ಮತ್ತು ಈ ಮಣ್ಣಿನದಲ್ಲದ ಗಿಡಗಳನ್ನು ತಮ್ಮ ಕೈಯಾರೆ ಕಿತ್ತು ಕಡಲತಡಿಯನ್ನು ಅದರ ಮೂಲ ಕಾಡುತನಕ್ಕೆ ಮರಳಿಸುವುದು. ಇದಕ್ಕೆ ರೀವೈಲ್ಡಿಂಗ್ ಎಂದು ಹೆಸರು. ನಡೆಸಿಕೊಡುವವನು ನಿಖಿಲ್ ಎಂಬ ಯುವಕ. ಒಳ್ಳೆಯ ಹುಡುಗ, ಕಸ ಕಂಡರೆ ಬಗ್ಗಿ ಹೆಕ್ಕುತ್ತಿದ್ದ, ನಾಯಿಗಳಿಗೂ ನಮಸ್ಕಾರ ಹೇಳುತ್ತಿದ್ದ. ಕೆಟ್ಟವರ ಮೇಲೆ ಸಿಟ್ಟಾಗುವುದು ಸುಲಭ. ಒಳ್ಳೆಯವರು ನಮ್ಮ ಸಿಟ್ಟಿಗೂ ಕೆಲಸ ಹೆಚ್ಚಿಸುತ್ತಾರೆ.

ಅವನು ಈ ವಿದ್ಯೆ ಕಲಿತದ್ದು ಸ್ಕಾಟ್ಲೆಂಡಿನ ಕಡಲತೀರದಲ್ಲಿ, ಇಂಥದ್ದೇ ಒಂದು ವಾರಾಂತ್ಯದಲ್ಲಿ. ಫೋನಿನಲ್ಲಿ ಚಿತ್ರ ತೋರಿಸಿದ: ಬೂದು ಕಡಲು, ಬೋಳು ಗುಡ್ಡ, ಮಳೆಯಂಗಿ ತೊಟ್ಟ ನಾಲ್ಕು ಜನ ಯಾವುದೋ ಪೊದೆಯ ಬೇರು ಜಗ್ಗುತ್ತಿದ್ದಾರೆ. ಯಾವ ಕಾಲದಲ್ಲೋ ಜಮೀನ್ದಾರರು ಅಂದಕ್ಕೆಂದು ತಂದು ನೆಟ್ಟ ಪೊದೆಯಂತೆ, ಈಗ ಗುಡ್ಡವನ್ನೇ ನುಂಗುತ್ತಿದೆಯಂತೆ. ಕೀಳಲಿ, ನನ್ನದೇನೂ ತಕರಾರಿಲ್ಲ. ಆದರೆ ಆ ಗುಡ್ಡ ಅಷ್ಟು ಬೋಳಾಗಿ, ಅಷ್ಟು ನಿರ್ಜನವಾಗಿ ಇರುವುದೇಕೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಅಲ್ಲಿ ಜನರಿದ್ದರು. ಕುರಿ ಸಾಕಿದರೆ ಲಾಭ ಹೆಚ್ಚೆಂದು ಯಜಮಾನರು ಅವರನ್ನು ಒಕ್ಕಲೆಬ್ಬಿಸಿ ಹಡಗು ಹತ್ತಿಸಿದರು. ಬರಿದು ಮಾಡಿದ ಜಾಗವನ್ನು ಬರಿದು ಎಂದು ಕರೆಯುವ ಕಣ್ಣು ಅದು. ಆ ಕಣ್ಣನ್ನು ಚೀಲದಲ್ಲಿಟ್ಟುಕೊಂಡು ಬಂದು, ಉಗುಳಿದರೆ ಯಾರದ್ದಾದರೂ ಗಡಿಕಲ್ಲಿಗೆ ಬೀಳುವ ನಮ್ಮ ಕಡಲ ಬದಿಯಲ್ಲಿ ಬಿಚ್ಚಿದರೆ ಹೇಗೆ? ಇಲ್ಲಿನ ಮರಳಿನಲ್ಲಿ ಮೀನು ಒಣಗಿದೆ, ದೋಣಿಗೆ ಎಣ್ಣೆ ಹಚ್ಚಿದ್ದಾರೆ, ಚೆಂಡಾಡಿದ್ದಾರೆ, ಬೆಳಿಗ್ಗೆ ಚೊಂಬು ಹಿಡಿದು ಕುಳಿತಿದ್ದಾರೆ. ಕಾಡೊಂದು ಮಾತ್ರ, ನನಗೆ ತಿಳಿದಂತೆ, ಇರಲಿಲ್ಲ.

ನಾನು ಆ ಹಿತ್ತಿಲಿಗೆ ಹೊಕ್ಕದ್ದು ಬೋರ್ಡಿನ ದೆಸೆಯಿಂದ. ಅದರಲ್ಲಿ ಬರೆಯಲು ರೀವೈಲ್ಡಿಂಗಿಗೆ ಕನ್ನಡ ಪದ ಬೇಕೆಂದು ನಿಖಿಲ್ ಮನೆಗೆ ಬಂದಿದ್ದ. ಬೆಳೆ ತೆಗೆಯದೆ ಬಿಟ್ಟ ಗದ್ದೆಗೆ ನಮ್ಮಲ್ಲಿ ಹಡಿಲು ಎನ್ನುತ್ತಾರೆ, ಹೆಣ್ಣು ಕೊಡುವವರು ಅಂಥ ಗದ್ದೆ ಕಂಡರೆ ಕಾಫಿ ಕುಡಿಯದೆ ಎದ್ದುಹೋಗುತ್ತಿದ್ದರು ಎಂದೆ. ಅವನಿಗೆ ಅದು ಹಿಡಿಸಲಿಲ್ಲ. ಬೋರ್ಡಿನಲ್ಲಿ ಕೊನೆಗೆ ಬಂದದ್ದು ಅವನೇ ಕಟ್ಟಿದ ಪದ, ‘ಮರುಕಾಡು’. ಕನ್ನಡದಲ್ಲಿ ಕಾಡು ಬರೀ ಮರಗಳ ಗುಂಪಲ್ಲ, ಒಂದು ಕ್ರಿಯಾಪದವೂ ಹೌದು. ಮರುಕಾಡು ಎಂದರೆ ಮತ್ತೊಮ್ಮೆ ಪೀಡಿಸು ಎಂದೂ ಆಗುತ್ತದೆ. ಇದನ್ನು ಅವನಿಗೆ ಹೇಳಬೇಕೆಂದುಕೊಂಡು ಸುಮ್ಮನಾದೆ. ಬೋರ್ಡು ತನ್ನಷ್ಟಕ್ಕೆ ನಿಜ ಹೇಳುತ್ತಿರುವಾಗ ನಾವು ಯಾಕೆ ಅಡ್ಡ ಬರಬೇಕು?

ಹಿತ್ತಿಲಿನ ಮೂಡುಬದಿಯ ಗಡಿಗೆ ತಾಗಿ ಫೆಲ್ಸಿ ಬಾಯಿಯ ಮನೆ. ಆಕೆ ಉಪ್ಪಳದಿಂದ ಇತ್ತ ಹೆಂಗಸರ ರವಿಕೆಯಿಂದ ಹಿಡಿದು ಚರ್ಚಿನ ಹುಡುಗರ ನಿಲುವಂಗಿಯವರೆಗೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಆ ಮನೆ ನಡೆದದ್ದು ಪಡು ಜಗಲಿಯಲ್ಲಿರುವ ಹೊಲಿಗೆಯಂತ್ರದ ಕಾಲುಮಣೆಯ ಮೇಲೆ. ಆ ಜಗಲಿಗೂ ಕಡಲಿಗೂ ನಡುವೆ ಒಂದು ಗೇರುಮರ. ದಪ್ಪ, ಗಿಡ್ಡ, ಗಾಳಿಗೆ ಬೆನ್ನು ಕೊಟ್ಟು ಕೊಟ್ಟು ಮನೆಯ ಕಡೆಗೇ ಬಾಗಿದ ಮರ. ಮಧ್ಯಾಹ್ನದ ಮೇಲಿನ ಬಿಸಿಲನ್ನೂ ಮರಳು ತರುವ ಗಾಳಿಯನ್ನೂ ಅದು ತಡೆಯುತ್ತದೆ. ತಡೆಯದಿದ್ದರೆ ಯಂತ್ರದ ಹೊಟ್ಟೆಗೆ ಮರಳು ಹೊಕ್ಕು ನೂಲು ಕಡಿಯುತ್ತದೆ. ಬೇಸಿಗೆಯಲ್ಲಿ ಅದರ ಬೀಜ ಆ ಮನೆಗೆ. ಯಾರೂ ಅದನ್ನು ಪ್ರಶ್ನಿಸಿದ್ದಿಲ್ಲ. ಅಳತೆಯವರು ಬಂದು ಕಲ್ಲು ಹಾಕಿದಾಗ ಮರದ ಬುಡ ಒಂದು ತೋಳಿನಷ್ಟು ಆಚೆ, ಹಿತ್ತಿಲಿನೊಳಗೆ ಬಿದ್ದಿತ್ತು. ಆಗಲೂ ಯಾರೂ ಏನೂ ಅನ್ನಲಿಲ್ಲ.

ಆ ಶನಿವಾರ ನಿಖಿಲ್ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದ. ಕೆಂಪು ಎಂದರೆ ಪರದೇಶಿ, ತೆಗೆಯತಕ್ಕದ್ದು. ಭಾನುವಾರ ಬೆಳಿಗ್ಗೆ ಬಂದವರೆಲ್ಲ ಸರದಿಯಲ್ಲಿ ಗರಗಸ ಎಳೆದು ಅದನ್ನು ಉರುಳಿಸುವುದು, ಅಲ್ಲಿಗೆ ವಾರಾಂತ್ಯಕ್ಕೆ ಒಂದು ಅರ್ಥಪೂರ್ಣ ಮುಕ್ತಾಯ.

ಫೆಲ್ಸಿ ಬಾಯಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು, “ಇದೆಂತದು, ಮರಕ್ಕೆ ರಿಬ್ಬನ್? ಹುಟ್ಟಿದ ಹಬ್ಬವಾ?”

“ಇಲ್ಲ ಆಂಟಿ, ಇದು ನೇಟಿವ್ ಅಲ್ಲ. ಪೋರ್ಚುಗೀಸರು ತಂದಿದ್ದು. ಗೋವಾದಿಂದ ಕೆಳಗೆ ಬಂದಿದೆ.”

ಆಕೆ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. “ನಾವು ಸಹ ಗೋವೆಯಿಂದ ಬಂದವರೇ ಮಾರಾಯ. ನಮಗೂ ಕಟ್ತೀಯಾ? ಕೆಂಪು ಬೇಡ, ನೀಲಿ ಉಂಟಾ?”

“ಅಯ್ಯೋ ಆಂಟಿ, ಮನುಷ್ಯರಿಗಲ್ಲ. ಬರೀ ಮರಗಳಿಗೆ.”

“ಸದ್ಯ,” ಎಂದಳು. ಆದರೆ ಅವಳ ಕಾಲು ಯಂತ್ರದ ಮೇಲೆ ಮತ್ತೆ ಚಲಿಸಲಿಲ್ಲ.

ಪರದೇಶಿ ಎಂಬ ಪದವನ್ನೇ ನೋಡಿ. ಹೊರದೇಶದವನು ಎಂಬುದು ಅದರ ಅರ್ಥ; ಹಿಂದುಮುಂದಿಲ್ಲದವನು, ಕೇಳುವವರಿಲ್ಲದವನು ಎಂಬುದು ಬಳಕೆ. ಹೊರಗಿನವನೆಂದು ಒಮ್ಮೆ ಹೇಳಿಬಿಟ್ಟರೆ ಕೇಳುವವರಿಲ್ಲದವನನ್ನಾಗಿ ಮಾಡುವುದು ಎಷ್ಟು ಸಲೀಸು ಎಂದು ಈ ಪದ ಮಾಡಿದವರಿಗೆ ಗೊತ್ತಿದ್ದಿರಬೇಕು. ಅದೇ ಭಾಷೆ ಗೇರಿಗೆ ಮಾಡಿದ್ದು ಬೇರೆಯೇ. ಕರಿಗೇರು ಎಂಬ ಮರ ನಮ್ಮಲ್ಲಿ ಹಿಂದಿನಿಂದಲೂ ಇದ್ದದ್ದು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರ ಕಾಯಿಯ ಸೊನೆಯಿಂದ, ಎಷ್ಟು ಒಗೆದರೂ ಹೋಗದ ಗುರುತು. ಕಡಲಿಂದ ಬಂದ ಹೊಸ ಮರದ ಬೀಜವೂ ಹಾಗೇ ಸುಡುವುದನ್ನು ಕಂಡು, ಮನೆಮಗಳ ಹೆಸರನ್ನು ಸೊಸೆಗೆ ಇಟ್ಟಂತೆ, ಅದನ್ನೂ ಗೇರು ಎಂದು ಕರೆದರು. ನಮ್ಮ ಮಾತಿನೊಳಗೆ ಬಂದು ಕುಳಿತದ್ದನ್ನು ಈಗ ಮಣ್ಣಿನಿಂದ ಎಬ್ಬಿಸುವುದಕ್ಕೆ ಎಂಥ ಹಕ್ಕು? ಅದೇ ಮಧ್ಯಾಹ್ನ ಅತಿಥಿಗಳು ಊಟಕ್ಕೆ ಕುಳಿತಾಗ ಬಾಳೆಲೆಯಲ್ಲಿ ಬೇಯಿಸಿದ ಮರಗೆಣಸು, ಕೆಂಪು ಮೆಣಸಿನ ಮೀನುಸಾರು, ಕೊನೆಗೆ ಅನಾನಸು. ಗೆಣಸು, ಮೆಣಸು, ಹಣ್ಣು ಮೂರೂ ಗೇರಿನಂತೆಯೇ ಹಡಗು ಇಳಿದು ಬಂದವು. ಎಲೆಯಲ್ಲಿದ್ದ ಪರದೇಶಿಗಳನ್ನು ಯಾರೂ ಕಿತ್ತೆಸೆಯಲಿಲ್ಲ, ಇನ್ನಷ್ಟು ಬಡಿಸಿಕೊಂಡರು.

ನಾನು ನಿಖಿಲನೊಡನೆ ವಾದಕ್ಕಿಳಿದೆ. ಅವನು ತಾಳ್ಮೆಯಿಂದ ಕೇಳಿ ಒಂದು ಮಾತು ಹೇಳಿದ: “ಸರ್, ನಿಮ್ಮ ಜಿಲ್ಲೆಗೆ ವಿಷ ತಂದಿದ್ದೇ ಈ ಮರ ಅಲ್ವಾ?”

ಹೌದು, ನಮ್ಮ ಗುಡ್ಡಗಳ ಗೇರುತೋಟಗಳ ಮೇಲೆ ವರ್ಷ ವರ್ಷವೂ ಹೆಲಿಕಾಪ್ಟರು ಹಾರಿ ಕೀಟ ಕೊಲ್ಲುವ ವಿಷ ಸುರಿದದ್ದು, ಹುಟ್ಟಿದ ಮಕ್ಕಳು ತಲೆ ಎತ್ತದೆ ಮಲಗಿಯೇ ಬೆಳೆದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಆದರೆ ಮರ ಹೆಲಿಕಾಪ್ಟರು ಓಡಿಸಲಿಲ್ಲ. ಮರದ ಮೇಲೂ ವಿಷ ಬಿತ್ತು. ಮಾಡಿದವರಿಗೆ ಹೆಸರು, ಕಚೇರಿ, ಪೆನ್ಷನ್ನು ಎಲ್ಲ ಇರುವಾಗ ಅವರನ್ನು ಬಿಟ್ಟು ಮರಕ್ಕೆ ರಿಬ್ಬನ್ ಕಟ್ಟುವುದು ಯಾವ ನ್ಯಾಯ? ಇಷ್ಟನ್ನು ಅವನಿಗೆ ಹೇಳಿದೆನೋ, ಮನೆಗೆ ಬಂದ ಮೇಲೆ ಗೋಡೆಗೆ ಹೇಳಿದೆನೋ, ಈಗ ಖಚಿತವಿಲ್ಲ.

ಭಾನುವಾರ ಬೆಳಿಗ್ಗೆ ಮರದಡಿಯಲ್ಲಿ ಎಲ್ಲರೂ ಸೇರಿದ್ದರು. ಅತಿಥಿಗಳು ಚಾಪೆಯ ಮೇಲೆ ಸುತ್ತಾಗಿ, ನಡುವೆ ಗರಗಸ. ಫೆಲ್ಸಿ ಬಾಯಿ ಚರ್ಚಿನ ಪೂಜೆಗೂ ಹೋಗದೆ ಗಡಿಕಲ್ಲಿನ ಬಳಿ ನಿಂತಿದ್ದಳು. ಮೊಯ್ದೀನ್ ಕುಂಞಿಯನ್ನು ನಾನೇ ಕರೆಸಿದ್ದೆ. ಆತನ ಮುಖದಲ್ಲಿ ನೆರೆಯವಳ ಎದುರು ತಮ್ಮನ ವಕೀಲನಾಗಿ ನಿಲ್ಲಬೇಕಾಗಿ ಬಂದವನ ಪಾಡು ಕಾಣುತ್ತಿತ್ತು.

“ಜಾಗ ತಮ್ಮನದ್ದು, ಅದು ಸರಿ,” ಎಂದ ಆತ ಟೊಪ್ಪಿ ಸರಿಮಾಡಿಕೊಳ್ಳುತ್ತ. “ಆದ್ರೆ ಬಾಯಮ್ಮನ ಮನೆಯವರು ನೆಟ್ಟದ್ದಾದ್ರೆ ಮರ ಅವರದ್ದು. ನೆಟ್ಟವರಿಗೆ ಮರ ಬಿಡುವ ಕ್ರಮ ನಮ್ಮಲ್ಲಿ ಹಿಂದಿಂದ ಉಂಟು. ತಾನಾಗಿ ಹುಟ್ಟಿದ್ದಾದ್ರೆ ನಾನೆಂತ ಹೇಳುವುದು?”

“ನೆಟ್ಟಿದ್ದು ಯಾರು?” ನಿಖಿಲ್ ಕೇಳಿದ.

“ನಾನು ಮದುವೆಯಾಗಿ ಬರುವಾಗ ಮರ ಉಂಟು,” ಎಂದಳು ಫೆಲ್ಸಿ ಬಾಯಿ. “ಮಾವ ನೆಟ್ಟದ್ದು ಅಂತ ಅತ್ತೆ ಹೇಳಿದ್ದು.”

“ನಮ್ಮ ಉಪ್ಪ ಹೇಳ್ತಿದ್ದದ್ದು ಬಾವಲಿ ಹಾಕಿದ ಬೀಜದ್ದು ಅಂತ,” ಎಂದು ಮೊಯ್ದೀನ್ ಕುಂಞಿ ನೆಲ ನೋಡುತ್ತ ತನ್ನ ತಂದೆಯ ಮಾತು ಹೇಳಿದ. ಆಮೇಲೆ ತಲೆಯೆತ್ತಿ, “ಮಾಸ್ಟ್ರೇ, ನೀವು ಇಲ್ಲೇ ಹುಟ್ಟಿ ಬೆಳೆದವರು. ನಿಮಗೆ ನೆನಪುಂಟಲ್ಲ?”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಒಂದು ಜನ್ಮವಿಡೀ ನಂಬದೆ ಬಂದ ನೆನಪೆಂಬ ಸಾಮಾನನ್ನು ಹೀಗೆ ತುಂಬಿದ ಸಭೆಯಲ್ಲಿ ನನ್ನಿಂದಲೇ ಕೇಳಿದರು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟು: ಯಾವುದೋ ಗಿಡದ ಬುಡದಲ್ಲಿ ಯಾರದ್ದೋ ಬಗ್ಗಿದ ಬೆನ್ನು. ಅದು ಊರೆಲ್ಲ ಸಾಲು ಪೊರ್ಬುಗಳು ಎಂದು ಕರೆಯುತ್ತಿದ್ದ ಫೆಲ್ಸಿ ಬಾಯಿಯ ಮಾವನ ಬೆನ್ನೇ ಆಗಿರಬಹುದು, ನಮ್ಮ ಅಪ್ಪನದ್ದೂ ಆಗಿರಬಹುದು, ನಾನು ಎಲ್ಲೋ ಓದಿದ್ದೂ ಆಗಿರಬಹುದು. ನಿಜವಾದ ಉತ್ತರ ‘ಗೊತ್ತಿಲ್ಲ’. ಆ ಉತ್ತರಕ್ಕೆ ಗರಗಸ ಎದ್ದು ನಿಲ್ಲುತ್ತಿತ್ತು.

ನಾನು ಹೇಳಿದೆ. ಸಾಲು ಪೊರ್ಬುಗಳು ಬಾವಿಯಿಂದ ಕೊಡಪಾನದಲ್ಲಿ ನೀರು ಹೊತ್ತು ತಂದು ಹನಿ ಚೆಲ್ಲದಂತೆ ಗಿಡಕ್ಕೆ ಎರೆಯುತ್ತಿದ್ದದ್ದನ್ನು ಹೇಳಿದೆ. ಆಡುಗಳು ಬಾಯಿ ಹಾಕದಂತೆ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದನ್ನು, ಹುಡುಗರಾದ ನಮ್ಮನ್ನು ಓಡಿಸುತ್ತಿದ್ದದ್ದನ್ನು, ಮೊದಲ ವರ್ಷದ ಬೀಜವನ್ನು ನಾನು ಕದ್ದು ಹಸಿಯಾಗಿಯೇ ಒಡೆಯಲು ಹೋದದ್ದನ್ನು ಹೇಳಿ, ಗಡಿಯಾರ ಬಿಚ್ಚಿ ಮಣಿಕಟ್ಟು ಚಾಚಿದೆ. “ಈ ಕಲೆ ಈ ಮರದ್ದು.” ಕಿಟಕಿ ಇದ್ದ ಅಡುಗೆಮನೆ, ಲಂಗದ ಹಸಿರು ಕೆಂಪು, ಬಾವಲಿ, ಸಂಶಯ, ಒಂದನ್ನೂ ಉಳಿಸಲಿಲ್ಲ. ಸುಕ್ಕೆಲ್ಲ ಹೋಗುವಂತೆ ಇಸ್ತ್ರಿ ಎಳೆದೆ.

ಚಾಪೆಯ ಮೇಲಿದ್ದ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ನಿಖಿಲ್ ನನ್ನ ಮಣಿಕಟ್ಟಿನ ಫೋಟೊ ತೆಗೆದ. ಮೊಯ್ದೀನ್ ಕುಂಞಿ ದೊಡ್ಡ ಉಸಿರು ಬಿಟ್ಟು, “ಹಾಗಾದ್ರೆ ಮುಗೀತಲ್ಲ,” ಎಂದು ತಾನೇ ಹೋಗಿ ರಿಬ್ಬನ್ ಬಿಚ್ಚಿದ. ಗರಗಸ ಚೀಲ ಸೇರಿತು.

ನೀವು ಇದನ್ನು ಗೆಲುವು ಎನ್ನಬಹುದು. ನನ್ನ ಸಿಟ್ಟು ಇರುವುದೇ ಅಲ್ಲಿ. ಒಬ್ಬ ಹೆಂಗಸು ತನ್ನ ಜಗಲಿಗೆ ನೆರಳು ಬೇಕು, ಯಂತ್ರಕ್ಕೆ ಮರಳು ಬೀಳಬಾರದು ಎಂದರೆ ಅದು ಸಾಲಲಿಲ್ಲ. ಅವಳು ಅಲ್ಲಿ ಬದುಕುತ್ತಿದ್ದಾಳೆ ಎಂಬುದು ಸಾಲಲಿಲ್ಲ. ಬೇಕಾದದ್ದು ಕೊಡಪಾನ ಹೊತ್ತ ಒಬ್ಬ ಮುದುಕ, ಕದ್ದ ಬೀಜ, ಸುಟ್ಟ ಕೈ. ಎರಡು ದಿನದ ಮಟ್ಟಿಗೆ ಬಂದವರ ಕಣ್ಣು ಒದ್ದೆ ಮಾಡಿದರೆ ಮಾತ್ರ ಇಲ್ಲಿರುವವರಿಗೆ ಇಲ್ಲಿರುವ ಅಪ್ಪಣೆ. ಚಂದದ ಕಥೆ ಇಲ್ಲದ ಮರಗಳೂ ಮನುಷ್ಯರೂ ಎಲ್ಲಿಗೆ ಹೋಗಬೇಕು? ನನಗೆ ಪಶ್ಚಾತ್ತಾಪವಿಲ್ಲ. ಅಂಥ ಕಥೆ ನನ್ನಿಂದ ಹೇಳಿಸಿಕೊಂಡವರ ಮೇಲಿನ ಕೋಪ ಮಾತ್ರ ಇದೆ.

ಅವರ ವ್ಯಾನು ಹೊರಟ ಮೇಲೆ ಫೆಲ್ಸಿ ಬಾಯಿ ಜಗಲಿಯಲ್ಲಿ ಕುಳ್ಳಿರಿಸಿ ಹುರಿದ ಬೀಜ ಮುಂದಿಟ್ಟಳು. ಸ್ವಲ್ಪ ಹೊತ್ತು ಯಂತ್ರ ತುಳಿದು ನಿಲ್ಲಿಸಿದಳು.

“ಮಾಸ್ಟ್ರೇ, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ನಮ್ಮ ಮಾವ ಕೊಡಪಾನ ಮುಟ್ಟಿದ ಜನ ಅಲ್ಲ. ಕುಡಿಯುವ ನೀರು ಸಹ ಅತ್ತೆ ಕೈಗೆ ಕೊಡ್ಬೇಕಿತ್ತು.” ನೂಲನ್ನು ಹಲ್ಲಿನಿಂದ ಕಡಿದಳು. “ಆದ್ರೆ ನೀವು ಹೇಳುವಾಗ ನನಗೆ ಸಹ ಕಂಡಿತು. ಲಾಯ್ಕ ಕಂಡಿತು.”

ಮೊನ್ನೆ ಅಕ್ಕ ಬಂದಿದ್ದಳು. ಮಾತಿನ ನಡುವೆ ನನ್ನ ಕೈ ಹಿಡಿದು, ಅದು ನಮ್ಮ ಮನೆಯ ಹಿಂದಿನ ಮರದ ಸೊನೆಯೆಂದು ಮತ್ತೆ ಶುರುಮಾಡಿದಳು. ಅಲ್ಲ, ಫೆಲ್ಸಿ ಬಾಯಿಯ ಮರದ್ದು ಎಂದೆ. ಅವಳಿಗೆ ಸಿಟ್ಟು ಬಂತು. ನಾನು ಕಂಡವಳು, ನೀನು ಯಾರಿಗೆ ಹೇಳುವುದು ಎಂದು ಗದರಿದಳು. ನಾನು ಮಾತು ಬದಲಿಸಲಿಲ್ಲ. ಪಡುಗಡಲ ಗಾಳಿಗೆ ಬಾಗಿದ ಆ ಮರ ಇವತ್ತಿಗೂ ನಿಂತಿರುವುದು ಈ ಕಡಲೆಬೇಳೆಯಷ್ಟು ಕಲೆಯ ಮೇಲೆ. ಇದು ಅಲುಗಿದರೆ ಅದು ಬೀಳುತ್ತದೆ. ಆದ್ದರಿಂದ ಕಲೆ ಕಾಣುವಂತೆ ನಾನೀಗ ಗಡಿಯಾರವನ್ನು ಬಲಗೈಗೆ ಕಟ್ಟುತ್ತೇನೆ.