ಪಾರ್ಕಿನ ಚಕ್ರಕ್ಕೆ ನಾನು ಬರೆದ ಬೋರ್ಡು

ಪಾಂಡವಪುರದ ನಮ್ಮ ಮನೆಯ ಹತ್ತಿರ, ಮುಚ್ಚಿಹೋದ ಒಂದು ಸಣ್ಣ ಸಕ್ಕರೆ ಮಿಲ್ಲಿನ ಜಾಗದಲ್ಲಿ ಈಗ ಪಾರ್ಕು ಮಾಡಿದ್ದಾರೆ. ಮಿಲ್ಲಿನ ಹಳೇ ಕಬ್ಬಿಣವನ್ನೇ ಬೆಸೆದು ಊರಿನ ಕಮ್ಮಾರರೊಬ್ಬರು ನಡುವೆ ಒಂದು ಶಿಲ್ಪ ನಿಲ್ಲಿಸಿದ್ದಾರೆ. ಕಬ್ಬಿನ ಹೊರೆ ಹೊತ್ತ ಆಳು. ಅವನ ಎದೆಯ ಜಾಗದಲ್ಲಿ ಕಬ್ಬು ಅರೆಯುತ್ತಿದ್ದ ಯಂತ್ರದ ಹಲ್ಲಿನ ಚಕ್ರ.

ಶನಿವಾರ ಬೆಳಗ್ಗೆ ವಾಕಿಂಗಿಗೆ ಹೋದರೆ ಆ ಚಕ್ರದ ಮೇಲೆ ಅರಿಶಿನ, ಕುಂಕುಮ, ಇಳಿದ ಎಣ್ಣೆ, ಎಣ್ಣೆಗೆ ಅಂಟಿ ಸತ್ತ ಇರುವೆ. ನಾನು ಓದಿದ ಕಾನ್ವೆಂಟಿನಲ್ಲಿ ಅಕ್ಷರ ಮಾರ್ಜಿನ್ ದಾಟಿದರೆ ಸಿಸ್ಟರು ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಆ ಕಣ್ಣು ನನಗೂ ಬಂದುಬಿಟ್ಟಿದೆ. ಗಲಾಟೆ ಮಾಡುವವಳಲ್ಲ ನಾನು. ಕಾವಲುಗಾರನಿಗೆ ಮೆಲ್ಲಗೆ ಹೇಳಿದೆ. "ಬರ್ಕೊಡಿ ಮೇಡಂ, ಬೋರ್ಡ್ ಆಕುಸ್ತೀನಿ," ಅಂದ. ಗುಂಡಗೆ ಬರೆದುಕೊಟ್ಟೆ. ವಾರದೊಳಗೆ ಬೋರ್ಡು ಬಂತು, ನನ್ನದೇ ವಾಕ್ಯ. ಎಷ್ಟು ಖುಷಿಪಟ್ಟೆ ಅಂತ ಹೇಳಲು ಈಗ ಮುಖವಿಲ್ಲ.

ಆ ಶುಕ್ರವಾರ ಸಂಜೆ ಶಿಲ್ಪದ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ಎಣ್ಣೆಯ ಪುಟ್ಟ ಸೀಸೆ. ಚಕ್ರಕ್ಕೆ ಕುಂಕುಮ ಇಟ್ಟಾಗಿತ್ತು. ಅವರ ಹಣೆ ಮಾತ್ರ ಬರಿದು.

"ಇದ್ಯಾವ್ದವ್ವ ಒಸಾ ಬೋರ್ಡು? ಕನ್ನಡ್ಕ ಮನೇಲೇ ಬುಟ್ಟು ಬಂದ್ಬುಟ್ಟೆ. ವಸಿ ಓದವ್ವ."

ನಾನು ಓದದೆ, "ಇದಕ್ಕೆ ಯಾಕಜ್ಜಿ ಪೂಜೆ?" ಅಂದೆ.

"ನಮ್ಮನೆಯವ್ರು ಮಿಲ್ನಲ್ಲಿ ಇದ್ಕೇ ಎಣ್ಣೆ ಬುಡ್ತಿದ್ದಿದ್ದು. ಆಯುಧಪೂಜೆ ದಿನ ಮೊದ್ಲು ಇದ್ಕೆ ಕುಂಕ್ಮ ಇಕ್ದೆ ಮನೇಲಿ ತುತ್ತು ಮುಟ್ತಿರ್ಲಿಲ್ಲ. ನನ್ ಸವತಿ ಕಣವ್ವ ಇದು!" ಬೊಚ್ಚು ಬಾಯಿ ತುಂಬ ನಕ್ಕರು. "ಅವ್ರು ತೀರ್ಕೊಂಡ್ಮೇಲೆ ಇನ್ಯಾರು ನೋಡ್ಕೊಂಡಾರು ಅಂತ ನಾನೇ ಬತ್ತೀನಿ. ಈಗ ಓದು."

ಓದಿದೆ. "ಶಿಲ್ಪಕ್ಕೆ ಅರಿಶಿನ, ಕುಂಕುಮ, ಎಣ್ಣೆ ಹಚ್ಚಬಾರದು. ಸ್ವಚ್ಛತೆ ಕಾಪಾಡಿ."

ಅವರ ನಗು ನಿಧಾನಕ್ಕೆ ಇಳಿಯಿತು. "ಯಾರ್ ಆಕ್ಸಿದ್ದು?"

ನಾನೇ ಅಜ್ಜಿ, ತೆಗೆಸ್ತೀನಿ, ನೀವು ಇಡಿ. ಇಷ್ಟೇ ಹೇಳಬೇಕಿತ್ತು.

"ಪುರಸಭೆಯವರು," ಅಂದೆ.

"ಅಂಗಾರೆ ಸರಿ ಬುಡು. ಸರ್ಕಾರದ್ದಲ್ವಾ." ಸೆರಗಿನ ತುದಿಯಿಂದ ಒರೆಸತೊಡಗಿದರು, ಮಗುವಿನ ಮೂತಿ ಒರೆಸುವ ಹಾಗೆ. ಚಕ್ರದ ಹಲ್ಲುಗಳ ಸಂದಿಯಲ್ಲಿ ಕುಂಕುಮ ಉಳಿಯಿತು. ಅವರ ಬೆರಳು ಗಂಟುಗಟ್ಟಿ ದಪ್ಪಗಾಗಿದ್ದವು.

"ನಿನ್ ಬೆಳ್ಳು ಸಣ್ಗವೆ. ವಸಿ ತಗಿಯವ್ವ."

ಬೆರಳು ಹಾಕಿ ತೆಗೆದೆ. ಒಂದು ಚೂರೂ ಬಿಡದೆ ತೆಗೆದೆ.

"ಒಳ್ಳೆ ಮಗ್ಳು ಕಣವ್ವ ನೀನು," ಅಂದರು.