ಎತ್ತಬಾರದ ಫೋನು

ಹೊಸೂರಿನ ಅಂಚಿನಲ್ಲಿ, ಅವಲಪಲ್ಲಿಯ ರಸ್ತೆಯಲ್ಲಿ, ಗುಲಾಬಿ ಕೊಂಡು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಿತ್ತು. ಅಲ್ಲಿ ಫೋನಿನ ಮುಂದೆ ಕೂರುವ ಕೆಲಸ ನನ್ನದು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಬಲ್ಲೆನೆಂದೇ ನನ್ನನ್ನು ಸೇರಿಸಿಕೊಂಡಿದ್ದರು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಗಷ್ಟೇ ಹತ್ತಿರದ ಬೇರಿಕೆ ಊರಿನ ಕಡೆಯ ಗುಲಾಬಿ ಬೆಳೆಗಾರರ ಕೈಗೆಲ್ಲ ಮೊಬೈಲು ಬಂದಿತ್ತು. ಆದರೆ ಅದರಲ್ಲಿ ಮಾತಾಡುವ ಪದ್ಧತಿ ಇರಲಿಲ್ಲ. ಹೂ ಕೊಯ್ದಾಯಿತೆಂದರೆ ಒಂದು ರಿಂಗು ಕೊಟ್ಟು ಕಟ್ ಮಾಡುವರು. ನಾನು ನಂಬರು ನೋಡಿ, ತಿರುಗಿ ಕರೆ ಮಾಡಿ, ಗಾಡಿ ಕಳಿಸುವೆ. ನಮ್ಮ ಅರ್ಧ ವ್ಯವಹಾರ ಮಿಸ್ಡ್ ಕಾಲಿನಲ್ಲೇ ನಡೆಯುತ್ತಿತ್ತು.

ಆಮೇಲೆ ಇಂಟರ್ನೆಟ್ ಫೋನು ಬಂತು. ಬೆಂಗಳೂರಿನ ಇಂಜಿನಿಯರೊಬ್ಬರು ಜೋಡಿಸಿ ಹೋದರು. ಯಾರೇ ಕರೆ ಮಾಡಲಿ, ಮೊದಲ ರಿಂಗಿಗೇ ಮಿಷಿನ್ನು ಎತ್ತಿಕೊಂಡು, ಹೆಣ್ಣು ದನಿಯಲ್ಲಿ ಇಂಗ್ಲಿಷ್ ಸ್ವಾಗತ ಹೇಳಿ, ಬಳಿಕ ನನಗೆ ದಾಟಿಸುವುದು. ಮ್ಯಾನೇಜರಿಗೆ ಖುಷಿಯೋ ಖುಷಿ. ಆದರೆ ಕೆಲವೇ ದಿನಗಳಲ್ಲಿ ಗುಲಾಬಿ ಬರುವುದು ಕಡಿಮೆಯಾಯಿತು. ಮ್ಯಾನೇಜರು ಕಂಪ್ಯೂಟರಿನಲ್ಲಿ ಕರೆಗಳ ದಾಖಲೆ ತೆರೆದು ನನ್ನನ್ನು ಕರೆದರು.

"ಇಲ್ಲಿ ನೋಡಮ್ಮಾ, ಬೇರಿಕೆಯಿಂದ ಇಷ್ಟೊಂದು ಕಾಲ್ ಬಂದಿದೆ, ನೀನು ಒಂದೂ ಎತ್ತಿಲ್ಲ. ಹಿಂಗೇ ಆದ್ರೆ ಮಿಷಿನ್ನೇ ಸಾಕು, ನೀನ್ಯಾಕೆ?"

ಮೈಯೆಲ್ಲ ಉರಿದುಹೋಯಿತು. ಊಟ ಮಾಡುವಾಗಲೂ ಫೋನಿನ ಕಡೆಗೇ ಕಿವಿಯಿಟ್ಟವಳು ನಾನು. ಭಯವೂ ಆಯಿತು, ಯಾಕೆಂದರೆ ಗಂಡನ ಫ್ಯಾಕ್ಟರಿ ಮುಚ್ಚಿ ಮನೆ ನನ್ನ ಸಂಬಳದ ಮೇಲೆ ನಿಂತಿತ್ತು. ಅದೇ ದಾಖಲೆಯ ಮುಂದೆ ಕೂತು ಸಾಲು ಸಾಲಾಗಿ ನೋಡಿದೆ. ಪ್ರತಿ ಕರೆಯೂ ಮಿಷಿನ್ನು ಎತ್ತಿದ ಕೂಡಲೇ ಕಟ್ಟಾಗಿತ್ತು. ನನ್ನ ಮೇಜಿನ ಫೋನು ರಿಂಗೇ ಆಗಿರಲಿಲ್ಲ. ಒಬ್ಬ ಬೆಳೆಗಾರನಿಗೆ ನಾನೇ ಫೋನು ಹಚ್ಚಿದೆ.

"ಯಾಕಣ್ಣಾ, ಫೋನ್ ಮಾಡಿ ಕಟ್ ಮಾಡ್ಬುಡ್ತೀಯಾ?"

"ಇನ್ನೇನ್ ಮಾಡ್ಲಕ್ಕಾ? ನಾ ಕೊಡಾದು ಮಿಸ್ಡ್ ಕಾಲು. ಯಾವಳೋ ಇಂಗ್ಲೀಸಮ್ಮ ಎತ್ಕೊಂಡ್ಬುಡ್ತಾಳೆ, ನನ್ ಕರೆನ್ಸಿ ಹೋಗ್ಬುಡ್ತದೆ. ಅದ್ಕೇ ಹೂವ ಬ್ಯಾರೆಯವ್ರಿಗೆ ಹಾಕ್ಬುಟ್ಟೆ."

ಸಿಟ್ಟಿನ ಜೊತೆಗೇ ನಗು ಬಂತು. ತಕ್ಷಣ ಇಂಜಿನಿಯರಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ. ಎಲ್ಲಿ ಒತ್ತಬೇಕು, ಏನು ಬದಲಿಸಬೇಕು ಎಂದು ಸಮಾಧಾನವಾಗಿ ಹೇಳುತ್ತ ಹೋದರು. ನಾನೇ ಕೈಯಾರೆ ಬದಲಿಸಿದೆ. ಇನ್ನು ಮೇಲೆ ನಾಲ್ಕು ರಿಂಗಾಗುವ ತನಕ ಮಿಷಿನ್ನು ಬಾಯಿ ಬಿಡುವಂತಿಲ್ಲ. ಅದಕ್ಕೆ ಮೊದಲೇ ಕಟ್ಟಾದ ಕರೆಯ ನಂಬರು ನನ್ನ ಪರದೆಯ ಮೇಲೆ ಬರಬೇಕು. ಆಮೇಲೆ ಬೆಳೆಗಾರರಿಗೆಲ್ಲ ಹೇಳಿದೆ: "ಧೈರ್ಯವಾಗಿ ಮಿಸ್ಡ್ ಕಾಲ್ ಕೊಡ್ರಪ್ಪಾ, ಯಾರೂ ಎತ್ತಲ್ಲ."

ಮಾರನೆಯ ಬೆಳಿಗ್ಗೆ ಮ್ಯಾನೇಜರು ನನ್ನನ್ನು ಪರೀಕ್ಷಿಸಲೆಂದೇ ಮೇಜಿನ ಪಕ್ಕ ನಿಂತಿದ್ದರು. ಫೋನು ರಿಂಗಾಯಿತು. ನಾನು ಕೈಕಟ್ಟಿಕೊಂಡು ಕೂತೆ. ಅವರಿಗೆ ತಡೆಯಲಾಗಲಿಲ್ಲ, ತಾವೇ ಎತ್ತಲು ಕೈ ಚಾಚಿದರು.

"ಮುಟ್ಬೇಡಿ ಸಾರ್!"

ಆಫೀಸೆಲ್ಲ ತಿರುಗಿ ನೋಡಿತು. ರಿಂಗು ನಿಂತು ಪರದೆಯ ಮೇಲೆ ನಂಬರು ಮೂಡಿತು. ನಾನು ತಿರುಗಿ ಕರೆ ಮಾಡಿ, ಅವರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ಹೂವ ಕುಯ್ದಾಯ್ತಕ್ಕಾ, ಗಾಡಿ ಕಳ್ಸು."

ಮ್ಯಾನೇಜರು ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಫೋನು ಮತ್ತೆ ರಿಂಗಾಯಿತು. ಈ ಸಲ ಅವರೂ ಕೈಕಟ್ಟಿಕೊಂಡರು.