ಕುಂಬಳಕಾಯಿಯ ಪಟ್ಟಾಭಿಷೇಕ

ನಿವೃತ್ತರಾದ ಮೇಲೆ ಅಪ್ಪನಿಗೆ ಚೀನಾದ ಚಕ್ರವರ್ತಿಗಳ ಹುಚ್ಚು ಹಿಡಿಯಿತು. ಟೀವಿಯಲ್ಲಿ ಅರಮನೆಯ ಧಾರಾವಾಹಿ, ಮೇಜಿನ ಮೇಲೆ ದಪ್ಪ ದಪ್ಪ ಇತಿಹಾಸದ ಪುಸ್ತಕ. ಅವರಿಗೆ ಮೆಚ್ಚುಗೆಯಾದವನು ಒಬ್ಬ ಮುದಿ ಚಕ್ರವರ್ತಿ: ಮಗನನ್ನು ಯುವರಾಜ ಮಾಡಿ, ಕಿತ್ತುಹಾಕಿ, ಮತ್ತೆ ಮಾಡಿ, ಮತ್ತೆ ಕಿತ್ತುಹಾಕಿದವನು. ಉಳಿದ ರಾಜಕುಮಾರರು ಅಷ್ಟೂ ವರ್ಷ ಒಬ್ಬರ ಕಾಲನ್ನೊಬ್ಬರು ಎಳೆಯುತ್ತ, ಅಪ್ಪನೆದುರು ಹಲ್ಲು ಕಿರಿಯುತ್ತಿದ್ದರಂತೆ. "ರಾಜ್ಯಭಾರ ಅಂದ್ರೆ ಇದು!" ಎನ್ನುತ್ತಿದ್ದರು ಅಪ್ಪ.

ನಮ್ಮ ಸಾಮ್ರಾಜ್ಯವೆಂದರೆ ನೈರೋಬಿಯ ನಡುಪೇಟೆಯಾದ ಸಿಬಿಡಿಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯ ಕ್ಲಿನಿಕ್ಕು. ಕಟ್ಟಿದವರು ಅಪ್ಪ, ಅವರು ನಿವೃತ್ತರಾದ ಮೇಲೆ ನಡೆಸುತ್ತಿದ್ದವಳು ನಾನು. ಮಕ್ಕಳಲ್ಲಿ ಡಾಕ್ಟರಾದವಳು ನಾನೊಬ್ಬಳೇ. ಅಣ್ಣ ಟೆಲಿಕಾಂ ಕಂಪನಿಯಲ್ಲಿ, ತಮ್ಮ ಬ್ಯಾಂಕಿನಲ್ಲಿ. ನೆಗಡಿಯಾದರೂ ಇಬ್ಬರೂ ನನಗೇ ಫೋನು ಮಾಡುವ ಜಾಣರು. ಆದರೂ ಯುವರಾಜರು ಅವರೇ.

ಪಟ್ಟ ನಿರ್ಧಾರವಾಗುತ್ತಿದ್ದುದು ಆಯುಧಪೂಜೆಯ ದಿನ. ಸ್ಟೆತಸ್ಕೋಪು, ಬಿ.ಪಿ. ಯಂತ್ರಗಳಿಗೆ ಕುಂಕುಮ ಹಚ್ಚಿ ಆರತಿ ಆದ ಮೇಲೆ, ಬಾಗಿಲಲ್ಲಿ ಬೂದುಗುಂಬಳ ಒಡೆಯುವ ಕೆಲಸವನ್ನು ಅಪ್ಪ ಯಾರಿಗೆ ಕೊಡುತ್ತಾರೋ ಅವನೇ ಉತ್ತರಾಧಿಕಾರಿ. ಒಂದು ವರ್ಷ ಅಣ್ಣ, ಮರುವರ್ಷ ತಮ್ಮ, ಮತ್ತೆ ಅಣ್ಣ. ಹಬ್ಬ ಹತ್ತಿರ ಬಂದಂತೆ ಇಬ್ಬರ ಪಿತೃಭಕ್ತಿಯೂ ಉಕ್ಕುತ್ತಿತ್ತು. ಅಣ್ಣ ಕಿಲಿಮಾನಿ ಬಡಾವಣೆಯಿಂದ ಮೈಸೂರುಪಾಕು ಹೊತ್ತು ತರುತ್ತಿದ್ದ; ತಮ್ಮ "ಅಪ್ಪನ ಶುಗರ್ ಏರಿಸೋಕೆ ಪ್ಲಾನ್ ಮಾಡಿದಾನೆ" ಎಂದು ಚಾಡಿ ಹೇಳಿ, ಆ ಡಬ್ಬಿಯನ್ನು ತನ್ನ ಕಾರಿಗೆ ಸಾಗಿಸುತ್ತಿದ್ದ. ಥೂ, ನಲವತ್ತು ದಾಟಿದ ಗಂಡಸರು!

ಕಳೆದ ವರ್ಷ ಅಪ್ಪ ಕುಂಬಳಕಾಯಿ ಹಿಡಿದು, ಥೇಟ್ ಧಾರಾವಾಹಿಯ ಚಕ್ರವರ್ತಿಯ ಗತ್ತಿನಲ್ಲಿ ಇಬ್ಬರ ಮುಖವನ್ನೂ ನೋಡುತ್ತ ನಿಂತರು. ಅಣ್ಣ ಕೈ ಚಾಚಿದ. ತಮ್ಮನೂ ಚಾಚಿದ. ಎಳೆದಾಟದಲ್ಲಿ ಕಾಯಿ ಜಾರಿ, ಮೆಟ್ಟಿಲುಗಳ ಮೇಲೆ ದಡದಡ ಉರುಳಿ, ಕೆಳಗಿದ್ದ ಕಾವಲುಗಾರನ ಕಾಲ ಬಳಿ ಹೋಳಾಯಿತು. ಪಾಪ, ಆತ ಮೇಲೆ ನೋಡಿ "ಪೋಲೆ ಸಾನಾ" ಎಂದು ಸ್ವಾಹಿಲಿಯಲ್ಲಿ ತಾನೇ ನಮಗೆ ಸಂತಾಪ ಹೇಳಿದ.

"ಎಳೆದಿದ್ದು ನೀನು!" ಎಂದ ಅಣ್ಣ.

"ತಳ್ಳಿದ್ದು ನೀನು!" ಎಂದ ತಮ್ಮ.

ಅಪ್ಪ ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮ, ಇವರಿಬ್ಬರಲ್ಲಿ ಯಾರಿಗೆ ಕೊಡ್ಲಿ?"

ನಾನು ದಿನವೂ ಕೂರುವ ಕುರ್ಚಿಯನ್ನು ಯಾರಿಗೆ ಕೊಡಲೆಂದು ನನ್ನನ್ನೇ ಕೇಳುತ್ತಿದ್ದರು! ಆ ಪುಸ್ತಕಗಳನ್ನು ನಾನೂ ತಿರುವಿ ಹಾಕಿದ್ದೆ. ರಾಜಕುಮಾರಿಯರ ಸುದ್ದಿ ಬರುವುದು ಯಾರಿಗೋ ಮದುವೆ ಮಾಡಿ ಕಳಿಸುವಾಗ ಮಾತ್ರ. ಸುಳ್ಳೇಕೆ, ಆ ಕ್ಲಿನಿಕ್ಕು ನನಗೆ ಬೇಕಿತ್ತು. ಅಪ್ಪನ ಬಾಯಿಂದಲೇ ಬರಲಿ ಎಂದು ಕಾದಿದ್ದೆ.

"ಯಾರಿಗಾದ್ರೂ ಕೊಡಿ ಅಪ್ಪ," ಎಂದೆ. "ಗಿಗಿರಿಯಲ್ಲಿ ಒಂದು ಆಸ್ಪತ್ರೆಯವರು ತುಂಬಾ ದಿನದಿಂದ ಕರೀತಿದಾರೆ. ಮುಂದಿನ ತಿಂಗಳಿಂದ ನಾನು ಅಲ್ಲಿಗೆ ಹೋಗ್ತೀನಿ."

ಮೊದಲು ಬಾಯಿ ಬಿಟ್ಟವನು ತಮ್ಮ. "ಅಕ್ಕಾ, ಮತ್ತೆ ಪೇಷಂಟ್ಸ್‌ನ ಯಾರು ನೋಡ್ತಾರೆ?"

ಅಪ್ಪ ಒಮ್ಮೆ ಅಣ್ಣನನ್ನು ನೋಡಿದರು, ಒಮ್ಮೆ ತಮ್ಮನನ್ನು. ನಾನು ಪೂಜೆಯ ಮೇಜಿನಿಂದ, ಕುಂಕುಮ ಹಚ್ಚಿದ್ದ ಸ್ಟೆತಸ್ಕೋಪನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಅದು ಅಪ್ಪ ಕೊಟ್ಟದ್ದಲ್ಲ, ನಾನೇ ಕೊಂಡದ್ದು.